ಹಾಸು ಹಾಕಿದ ಬಯಲು

ಇಂಡಿಯಲ್ಲಿ ಬಸ್ಸು ಹತ್ತುವಾಗ ಬಿಸಿಲಿತ್ತು. ಸಿಂದಗಿ ಇನ್ನೂ ದೂರವಿರುವಾಗಲೇ ಮಳೆ ಹಿಡಿಯಿತು. ಯಾವುದೋ ಹಳ್ಳಿಯ ಕ್ರಾಸಿನಲ್ಲಿ ಒಬ್ಬ ಮುದುಕ ಕಂಬಳಿ ಹೊದ್ದುಕೊಂಡೇ ಹತ್ತಿ ಬಂದು ನನ್ನ ಪಕ್ಕದಲ್ಲಿ ಕುಳಿತ. ಹೊಸ ಕಂಬಳಿ, ಪೂರ್ತಿ ನೆನೆದಿತ್ತು. ಅದರಿಂದ ವಾಸನೆ ಎದ್ದಿತು ನೋಡಿ... ಉಣ್ಣೆಯ ವಾಸನೆ ಎಲ್ಲರಿಗೂ ಗೊತ್ತು, ನಾನು ಹೇಳುವುದು ಅದಲ್ಲ. ಅದರ ಅಡಿಯಲ್ಲಿ ಇನ್ನೊಂದು ಇರುತ್ತದೆ. ಹುಣಸೆ ಬೀಜ ಹುರಿದು, ಕುಟ್ಟಿ, ಕುದಿಸಿದ ಗಂಜಿಯದು. ಸ್ವಲ್ಪ ಹುಳಿ, ಸ್ವಲ್ಪ ಕಮಟು. ಒಂದೆರಡು ಮಳೆಗಾಲ ಕಂಡ ಕಂಬಳಿಯಲ್ಲಿ ಅದು ಉಳಿಯುವುದಿಲ್ಲ.

"ಎಲ್ಲಿ ತಗೊಂಡ್ರಿ ಕಾಕಾ, ಕಂಬಳಿ?" ಎಂದು ಕೇಳಿದೆ.

"ಮುದ್ದೇಬಿಹಾಳ ಸಂತ್ಯಾಗರಿ. ಯಾಕವಾ, ವಾಸನಿ ಬಡ್ಯಾಕತ್ತೇತೇನು? ಆ ಕಡೆ ಸರೀಲೇನು?"

"ಬ್ಯಾಡ್ರಿ, ಇರ್ಲಿ, ಇಲ್ಲೇ ಕುಂಡ್ರಿ" ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ನೋಡಲಿ ಬಿಡಿ. ಬೆಳಗಿನಿಂದ ನನಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ. ಹಿಂದಿನ ದಿನ ಅವ್ವ ಫೋನು ಮಾಡಿ, "ಆ ಬಯಲಿನ ಸುದ್ದಿ ಮತ್ತ ಎದ್ದೇತಿ. ಪಂಚಾಯ್ತಿಯವರು ಬಂದು ಭವನ ಕಟ್ಟತೇವಿ ಅನ್ನಾಕತ್ತಾರ. ನೀ ಒಮ್ಮಿ ಬಂದು ಹೋಗು" ಎಂದಿದ್ದಳು. ಅಷ್ಟೇ. ಹೂಂ ಅಂದಳೋ ಊಹೂಂ ಅಂದಳೋ ಹೇಳಿರಲಿಲ್ಲ. ಆ ಬಯಲೆಂದರೆ ದೊಡ್ಡವ್ವನ ಬಯಲು. ಅದರ ಸುದ್ದಿಯ ಬೆನ್ನಿಗೇ ಈ ಗಂಜಿಯ ವಾಸನೆ ಬಂದು ಪಕ್ಕದಲ್ಲಿ ಕುಳಿತರೆ ಹೆಂಗಾಗಬೇಡ ನನಗೆ!

ದೊಡ್ಡವ್ವ ನಮ್ಮ ರಕ್ತಸಂಬಂಧಿಯಲ್ಲ. ನಮ್ಮ ಜಾತಿಯವಳೂ ಅಲ್ಲ, ನಮ್ಮ ಊರಿನವಳೂ ಅಲ್ಲ. ಅಣೆಕಟ್ಟಿನ ಹಿನ್ನೀರು ಬಂದು ನಮ್ಮ ಊರೂ ಮುಳುಗಿತು, ಅವರ ಊರೂ ಮುಳುಗಿತು. ಗೊಳಸಂಗಿ ದಾಟಿ ಒಂದು ಬೋಳು ದಿಬ್ಬದ ಮೇಲೆ ಎರಡೂ ಊರಿನವರನ್ನು ತಂದು ಕೂರಿಸಿದರು. ಮೊದಮೊದಲು ಎಲ್ಲರಿಗೂ ತಗಡಿನ ಶೆಡ್ಡು. ಸಾಲಾಗಿ, ಒಂದೇ ಅಳತೆ, ಒಂದೇ ಬಾಗಿಲು. ಯಾರ ಮನೆ ಯಾವುದೆಂದು ಗುರುತು ಹಿಡಿಯುವುದೇ ಒಂದು ಸಾಹಸ. ಹಳೇ ಊರಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರುತ್ತಿದ್ದ ಜನ ಇಲ್ಲಿ ಹಾಡಹಗಲೇ ದಾರಿ ತಪ್ಪುತ್ತಿದ್ದರು.

ದೊಡ್ಡವ್ವ ನಮಗೆ ಸಿಕ್ಕಿದ್ದೇ ಹಾಗೆ. ಒಂದು ಸಂಜೆ ಅವ್ವ ನೀರಿಗೆ ಹೋಗಿದ್ದಳು. ನಾನು ಒಳಗೆ ಕೂತು ಸಾಲೆಯ ಪಾಠ ಬರೆಯುತ್ತಿದ್ದೆ. ದಪ್ಪ ಅಂಚಿನ ಸೀರೆಯ ಒಬ್ಬ ಹೆಂಗಸು ಸೀದಾ ಒಳಗೆ ಬಂದಳು. ತಲೆಯ ಮೇಲಿನ ಕಟ್ಟಿಗೆ ಹೊರೆ ಇಳಿಸಿ, ನನ್ನ ಕಡೆ ನೋಡದೆ, ನಮ್ಮ ಒಲೆಯ ಮುಂದೆ ಕೂತು ಉರಿ ಹಚ್ಚಿದಳು. ಬೋಗುಣಿಯಲ್ಲಿದ್ದ ಹಿಟ್ಟು ನಾದಿ, ರೊಟ್ಟಿ ಬಡಿಯಲು ಶುರುವಿಟ್ಟಳು. ನಾನು ಬರೆಯುವುದು ಬಿಟ್ಟು ಗೋಡೆಗೆ ಸರಿದೆ. ಕೊಡ ಹೊತ್ತು ಬಂದ ಅವ್ವ ಬಾಗಿಲಲ್ಲೇ ನಿಂತಳು.

"ಯಾರವಾ ನೀ?"

ಆಕೆ ತಿರುಗಿ ನೋಡಿ, "ನನ್ನ ಮನ್ಯಾಗ ಬಂದು ನನ್ನನ್ನ ಯಾರ ಅಂತೀ? ನೀ ಯಾರು?" ಎಂದಳು. ಮತ್ತೆ ಗೋಡೆ ನೋಡಿದಳು, ನಮ್ಮ ದೇವರ ಫೋಟೋ ನೋಡಿದಳು, ನನ್ನನ್ನು ನೋಡಿದಳು. "ಅಯ್ಯ ನನ್ನ ಶಿವನ! ಈ ಹುಡುಗಿ ಯಾರ್ದಿದು?" ಎಂದು ಹಣೆ ಬಡಿದುಕೊಂಡು ನಗತೊಡಗಿದಳು. ಅವ್ವನೂ ಕೊಡ ಇಳಿಸಿ ನಕ್ಕಳು. ಅವತ್ತು ರಾತ್ರಿ ನಾವು ತಿಂದದ್ದು ಆಕೆ ಬಡಿದ ರೊಟ್ಟಿಯನ್ನೇ. ಆಕೆಯ ಶೆಡ್ಡು ನಮ್ಮ ಪಕ್ಕದ್ದಾಗಿತ್ತು. ಅವ್ವನಿಗಿಂತ ಹಿರಿಯಳು, ಅವ್ವ "ಅಕ್ಕಾ" ಅಂದಳು, ನನಗೆ ದೊಡ್ಡವ್ವಳಾದಳು.

ಕುರಿ ಕಾಯುವ ಮನೆತನ ಅವರದು. ಗಂಡ ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದ, ಬಹಳ ಮಾತಿನವನಲ್ಲ. ನೂಲುವುದು, ಗಂಜಿ ಕುದಿಸುವುದು, ಹಾಸು ಹಾಕುವುದು ಎಲ್ಲ ದೊಡ್ಡವ್ವನದು. ಹಾಸು ಅಂದರೆ, ನೇಯುವ ಮೊದಲು ಉದ್ದನೆಯ ನೂಲುಗಳನ್ನು ಬಯಲಲ್ಲಿ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಒರಟು ಕುಂಚದಿಂದ ತಿಕ್ಕಿ ಒಣಗಿಸುವುದು. ಅದಕ್ಕೆ ಉದ್ದ ಜಾಗ ಬೇಕು. ಹಳೇ ಊರಲ್ಲಿ ಅವರ ಓಣಿಯೇ ಅದಕ್ಕಾಗಿ ಹಾಸಿಕೊಂಡು ಬಿದ್ದಿತ್ತಂತೆ. ಇಲ್ಲಿ ರಸ್ತೆಗಳೇನೋ ನೆಟ್ಟಗಿದ್ದವು, ಆದರೆ ಜಲ್ಲಿ, ಟ್ರ್ಯಾಕ್ಟರು, ದೂಳು. ಕೊನೆಯ ಸಾಲಿನ ಹಿಂದೆ ಯಾರಿಗೂ ಹಂಚದೆ ಬಿಟ್ಟಿದ್ದ ಒಂದು ಪಟ್ಟಿ ಬಯಲಿತ್ತು. ಒಂದು ತುದಿಗೆ ಬೇವಿನ ಗಿಡ. ದೊಡ್ಡವ್ವ ಅದನ್ನು ಕಂಡವಳೇ ಅಲ್ಲಿಯ ಕಲ್ಲು ಆರಿಸಿ, ಮುಳ್ಳು ಕಡಿದು, ಗೂಟ ಹುಗಿದಳು.

ಹಾಸು ಹಾಕಿದ ದಿನ ಅದನ್ನು ಯಾರೂ ದಾಟಬಾರದು. ಅದು ಮುಂದೆ ದೇವರ ಗದ್ದುಗೆಗೆ ಹಾಸುವ ಕಂಬಳಿಯಾಗಬಹುದು, ಮದುಮಕ್ಕಳ ಕೆಳಗೆ ಹಾಸುವ ಕಂಬಳಿಯಾಗಬಹುದು. ಸಣ್ಣ ಹುಡುಗರಿರಲಿ, ನಾಯಿ ಬಂದರೂ ದೊಡ್ಡವ್ವ ಚೀರುತ್ತಿದ್ದಳು. "ಸುತ್ತಿ ಹೋಗಲೇ! ಕಾಲು ಸವೀತಾವೇನು?" ನಾನು ಸಾಲೆಗೆ ಹೋಗುವಾಗ ಎಷ್ಟು ಅವಸರವಿದ್ದರೂ ಬೇವಿನ ಗಿಡದ ತನಕ ಸುತ್ತಿಯೇ ಹೋಗುತ್ತಿದ್ದೆ. ಬೈಯುತ್ತಲೇ ಹೋಗುತ್ತಿದ್ದೆ ಅನ್ನಿ.

ಆಕೆ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಸಂಜೆಯಾದರೆ ಈ ತುದಿಯಿಂದ ಆ ತುದಿಗೆ ನಡೆಯುವಳು, ತಿರುಗಿ ಬರುವಳು, ಮತ್ತೆ ಹೋಗುವಳು. ಏನಾದರೂ ಕಳೆದುಕೊಂಡೀ ಏನು ದೊಡ್ಡವ್ವಾ ಎಂದರೆ, "ಇಲ್ಲವಾ, ಊರು ಎಲ್ಲಿ ಮುಗೀತೈತಿ ನೋಡಾಕತ್ತೇನಿ" ಅನ್ನುತ್ತಿದ್ದಳು. ಆಗ ನನಗೆ ನಗು ಬರುತ್ತಿತ್ತು.

ಆಮೇಲೆ ನಮ್ಮನ್ನು ಉದ್ಧಾರ ಮಾಡುವವರು ಬರತೊಡಗಿದರು. ಒಂದು ಜೀಪು ಹೋದರೆ ಇನ್ನೊಂದು. ಹೊಲಿಗೆ ಮಷೀನು ಬಂತು, ಊದುಬತ್ತಿ ತರಬೇತಿ ಬಂತು, ಫಿನೈಲ್ ಮಾಡುವುದನ್ನು ಕಲಿಸಿದರು. ಹೆಂಗಸರ ಸಂಘ ಕಟ್ಟಿಸಿದರು. ಅಧ್ಯಕ್ಷಿ ಯಾರಾಗಬೇಕು ಎಂದಾಗ ಎಲ್ಲರೂ ಮುಖ ಮುಖ ನೋಡಿದರು. ನಮ್ಮ ಅವ್ವನೇ ಕೈ ಎತ್ತಿ, "ಅಕ್ಕ ಆಗ್ಲಿ, ಆಕಿಗೆ ಬಾಯಿ ಐತಿ" ಎಂದಳು. ಇದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ! ಅವತ್ತು ಅವ್ವನೇ ಕೈ ಎತ್ತದಿದ್ದರೆ...

ಒಂದು ಸಭೆ ನೆನಪಿದೆ. ವಿಜಯಪುರದಿಂದ ತರಬೇತಿ ಕೊಡುವ ಬಾಯಾರೊಬ್ಬರು ಬಂದಿದ್ದರು, ಒಳ್ಳೆಯವರೇ ಪಾಪ. ಸಬಲೀಕರಣ ಅಂದ್ರೇನು ಗೊತ್ತೇನ್ರಿ ಎಂದು ಕೇಳಿದರು. ಸ್ವಂತ ಕಾಲ ಮೇಲೆ ನಿಲ್ಲುವುದು ಎಂದು ಅವರೇ ಹೇಳಿದರು.

ದೊಡ್ಡವ್ವ ಸೆರಗು ಸರಿ ಮಾಡಿಕೊಂಡು, "ನಾವು ಕುಂತಿದ್ದು ಯಾವಾಗ್ರಿ ಬಾಯಾರ? ನಿಂತು ನಿಂತು ಮೊಣಕಾಲು ಹೋಗ್ಯಾವು. ಕುಂಡ್ರೂದು ಹೆಂಗಂತ ಹೇಳಿಕೊಡ್ರಿ" ಎಂದಳು. ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಬಾಯಾರೂ ನಕ್ಕರು. ನಗು ನಿಂತ ಮೇಲೆ ದೊಡ್ಡವ್ವ ಒಂದು ಮಾತು ಸೇರಿಸಿದಳು, ನಗದೆ. "ನಮಗ ಎಲ್ಲಾ ಕೊಟ್ಟೀರಿ. ಬ್ಯಾಡ ಅನ್ನೂದೊಂದು ಕೊಟ್ಟಿಲ್ಲ." ಚಹಾ ಬಂತು, ಮಾತು ಅಲ್ಲಿಗೇ ಮುಗಿಯಿತು.

ಈಗ ನಾನು ಮಾಡುವುದೂ ಅದೇ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲ ಕಡೆ ಹೆಂಗಸರ ಸಂಘಗಳಿಗೆ ಹೋಗುತ್ತೇನೆ, ತರಬೇತಿ ಕೊಡುತ್ತೇನೆ. ಸಬಲೀಕರಣ ಅನ್ನುವ ಪದ ದಿನಕ್ಕೆ ಹತ್ತಾರು ಸಲ ನನ್ನ ಬಾಯಲ್ಲಿ ಬರುತ್ತದೆ. ಪ್ರತಿ ಸಲವೂ ದೊಡ್ಡವ್ವ ಎಲ್ಲೋ ಹಿಂದಿನ ಸಾಲಲ್ಲಿ ಕೂತು ಸೆರಗು ಸರಿ ಮಾಡಿಕೊಳ್ಳುತ್ತಿದ್ದಾಳೆ ಅನ್ನಿಸಿ ಮಾತು ತಡವರಿಸುತ್ತದೆ.

ಭವನದ ಗದ್ದಲ ಎದ್ದದ್ದು ನಾನು ಕಾಲೇಜು ಮುಗಿಸುವ ಹೊತ್ತಿಗೆ. ಮಹಿಳಾ ಸಬಲೀಕರಣ ಭವನ! ದೊಡ್ಡ ಹಾಲು, ಅಡುಗೆಕೋಣೆ, ಕಕ್ಕಸು, ಫ್ಯಾನು. ಎಲ್ಲಿ ಕಟ್ಟುವುದು? ಸರಕಾರಿ ಜಾಗವೆಂದು ಉಳಿದದ್ದು ಆ ಪಟ್ಟಿ ಬಯಲೊಂದೇ. ಅವ್ವನಿಗೆ ಸ್ವರ್ಗವೇ ಸಿಕ್ಕಂತಾಯಿತು. ಹಳೇ ಊರಲ್ಲಿ ಗುಡಿಯ ಮುಂದೆ ಹೆಂಗಸರು ಕೂರುವ ಕಟ್ಟೆಯಿತ್ತು, ಮದುವೆಗೆ ಅಂಗಳವಿತ್ತು. ಇಲ್ಲಿ ಮಳೆ ಬಂದರೆ ನಾಲ್ಕು ಜನ ಹೆಂಗಸರು ಒಟ್ಟಿಗೆ ನಿಲ್ಲಲು ಒಂದು ಮಾಡು ಇರಲಿಲ್ಲ. ಮನೆಗಳಲ್ಲಿ ಕಕ್ಕಸು ಇನ್ನೂ ಆಗಿರಲಿಲ್ಲ, ಬೆಳಕು ಹರಿಯುವ ಮೊದಲೇ ಹೆಂಗಸರು ಊರಾಚೆ ಬಯಲಕಡೆಗೆ ಓಡಬೇಕಿತ್ತು. "ನಿನ್ನ ಲಗ್ನ ಭವನದಾಗ ಮಾಡತೇನಿ ನೋಡು" ಎಂದು ಅವ್ವ ಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗಿದಳು. ಅವಳ ಆಸೆಯಲ್ಲಿ ತಪ್ಪೇನಿತ್ತು? ಇವತ್ತಿಗೂ ನನಗೆ ತಪ್ಪು ಕಾಣುವುದಿಲ್ಲ.

ದೊಡ್ಡವ್ವನನ್ನು ಯಾರೂ ಏನೂ ಕೇಳಿರಲಿಲ್ಲ. ಸಂಘದ ಅಧ್ಯಕ್ಷಿ ಆಕೆ, ಬಯಲು ಹಸನು ಮಾಡಿದವಳೂ ಆಕೆ. ಕೇಳುವುದೇನಿದೆ, ಭವನ ಆಗುವುದೇ ಹೆಂಗಸರಿಗಲ್ಲವೇ ಎಂದು ಎಲ್ಲರೂ ತಿಳಿದಿದ್ದರು. ಭೂಮಿಪೂಜೆಯ ದಿನದ ಸುದ್ದಿ ಡಂಗುರ ಹೊಡೆದು ಹೇಳಿದ ಮೇಲೆಯೇ ಆಕೆಗೂ ಗೊತ್ತಾಯಿತು.

ಪೂಜೆಯ ಬೆಳಿಗ್ಗೆ ನಾವು ಹೊಸ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ಹೋದರೆ, ಬಯಲಿನ ತುಂಬ ಹಾಸು! ಬೇವಿನ ಗಿಡದಿಂದ ಆಚೆ ತುದಿಯ ಗೂಟದ ತನಕ ಕರಿ ನೂಲು ಬಿಗಿದು ನಿಂತಿತ್ತು. ಗಂಜಿ ಹಸಿಹಸಿ. ದೊಡ್ಡವ್ವ ಕುಂಚ ಹಿಡಿದು ಆ ತುದಿಯಿಂದ ಈ ತುದಿಗೆ ತಿಕ್ಕುತ್ತಿದ್ದಳು. ಗುದ್ದಲಿ, ಕಾಯಿ, ಹೂವಿನ ಹಾರ ಎಲ್ಲ ಈಚೆ ಉಳಿದವು. ಗೂಟ ಹೊಡೆದು ಸುಣ್ಣ ಎಳೆದ ಪೂಜೆಯ ಜಾಗ ಹಾಸಿನ ನಡುವೆ ಸಿಕ್ಕಿಕೊಂಡಿತ್ತು.

"ಅಕ್ಕಾ, ಏನ್ ಮಾಡಾಕತ್ತೀ? ಸುತ್ತು ಅದನ್ನ! ಸಾಹೇಬ್ರು ಬಂದ್ರು" ಎಂದು ಅವ್ವ ಚೀರಿದಳು.

"ಹಸಿ ಐತಿ ತಂಗಿ. ಈಗ ಸುತ್ತಿದ್ರ ಒಂದಕ್ಕೊಂದು ಹತ್ತಿ ಹಾಳಾಗತೈತಿ. ಒಣಗ್ಲಿ, ಸುತ್ತತೇನಿ."

"ಇವತ್ತ ಹಾಕಬೇಕಿತ್ತೇನು?"

"ಗಂಜಿ ಕುದಿಸಿದ್ದೆ."

ಆಕೆ ಬೇಕೆಂದೇ ಕುದಿಸಿದ್ದಳೇ? ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ಧೈರ್ಯವಾಗಲಿಲ್ಲ. ಜೀಪುಗಳು ಬಂದು ನಿಂತವು. ಗುತ್ತಿಗೆದಾರನ ಕಡೆಯವನೊಬ್ಬ, ತಾಳಿಕೋಟೆ ಕಡೆಯ ಹುಡುಗ, ದಾಟಿ ಹೋಗಿ ಕಾಯಿ ಒಡೆದುಬಿಡೋಣ ಎಂದು ಕಾಲೆತ್ತಿದ. ಭವನ ಬೇಕೆಂದು ಕುಣಿಯುತ್ತಿದ್ದ ನಮ್ಮವರೇ ಅವನ ರಟ್ಟೆ ಹಿಡಿದು ಎಳೆದರು. ಜಗಳ ಬೇರೆ, ಹಾಸು ದಾಟುವುದು ಬೇರೆ. ಸಾಹೇಬರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು, ಚಹಾ ಕೊಟ್ಟರು. ಮೋಡ ಕವಿದಿತ್ತು. ನೂಲು ಒಣಗುವ ಲಕ್ಷಣವೇ ಇರಲಿಲ್ಲ.

ಕೊನೆಗೆ ಸಾಹೇಬರು ಎದ್ದು ಬಂದು, "ನೀವ ಅಧ್ಯಕ್ಷರಲ್ಲೇನ್ರಿ? ನಿಮಗಾಗಿನ ಕಟ್ಟೂದು. ನೀವ ಹಿಂಗ ಮಾಡಿದ್ರ ಹೆಂಗ?" ಎಂದರು.

ದೊಡ್ಡವ್ವ ಕುಂಚವನ್ನು ಕೆಳಗಿಟ್ಟು ಎರಡೂ ಕೈ ಮುಗಿದಳು.

"ಭವನ ಬ್ಯಾಡ್ರಿ ಸಾಹೇಬ್ರ, ಇಲ್ಲಿ ಬ್ಯಾಡ. ಊರು ಬಿಡ್ರಿ ಅಂದಾಗ ನಮ್ಮನ್ನ ಯಾರೂ ಕೇಳಲಿಲ್ಲ. ಬಿಟ್ಟು ಬಂದ್ವಿ. ಅಧ್ಯಕ್ಷಿ ಆಗು ಅಂದ್ರಿ, ಆದ್ನಿ. ಇವತ್ತ ಮೊದಲ ಸಲ ಬ್ಯಾಡ ಅನ್ನಾಕತ್ತೇನಿ. ಇದೊಂದು ನಡಸಿ ಕೊಡ್ರಿ."

ಸಾಹೇಬರು ಗಡಿಯಾರ ನೋಡಿ, ಇನ್ನೊಮ್ಮೆ ಬರೋಣ ಎಂದು ಜೀಪು ಹತ್ತಿದರು. ಇನ್ನೊಮ್ಮೆ ಬರಲೇ ಇಲ್ಲ. ಭವನ ಮುಳವಾಡದ ಆಚೆ ಇನ್ನೊಂದು ಪುನರ್ವಸತಿ ಊರಿಗೆ ಹೋಯಿತು. ಅಲ್ಲಿಯವರು ತಕರಾರಿಲ್ಲದೆ ಹೂಂ ಅಂದರಂತೆ.

ಅವ್ವ ಅವತ್ತಿನಿಂದ ದೊಡ್ಡವ್ವನ ಜೊತೆ ಮಾತು ಬಿಟ್ಟಳು. ಗೋಡೆಗೆ ಗೋಡೆ ಹತ್ತಿದ ಮನೆ, ಒಂದೇ ನಳ, ಆದರೂ ಮಾತಿಲ್ಲ. ಗಂಜಿ ಕುದಿಯುವ ವಾಸನೆ ಬಂದರೆ ಸಾಕು, ದಡ್ ಎಂದು ಕಿಟಕಿ ಹಾಕುತ್ತಿದ್ದಳು. "ಆಕಿ ಹಾಸಿನ ಸಲುವಾಗಿ ನಾವೆಲ್ಲಾ ಬಯಲಕಡಿಗೆ ಹೋಗಬೇಕು" ಎಂದು ಕೇಳುವಂತೆ ಗೊಣಗುತ್ತಿದ್ದಳು. ಸಂಘದ ಅರ್ಧ ಹೆಂಗಸರು ಅವ್ವನ ಕಡೆ. ದೊಡ್ಡವ್ವ ಒಂದಕ್ಕೂ ಎದುರು ಮಾತಾಡಲಿಲ್ಲ. ಅಷ್ಟು ಬಾಯಿದ್ದವಳು! ನಡೆಯುವುದು ಮಾತ್ರ ಹೆಚ್ಚಾಯಿತು.

ನನ್ನ ಮದುವೆ ಆ ಬಯಲಲ್ಲೇ ಆಯಿತು. ಬೇರೆ ಎಲ್ಲಿ ಮಾಡುವುದು? ಹಂದರ ಹಾಕಿದ್ದೆವು. ಅಕ್ಕಿಕಾಳು ಹಾಕುವ ಹೊತ್ತಿಗೆ ಗಾಳಿ ಎದ್ದು ತಾಡಪಾಲು ಹರಿದುಕೊಂಡು ಹೋಯಿತು, ಅನ್ನದಲ್ಲಿ ದೂಳು ಬಿತ್ತು. ಭವನ ಇದ್ದಿದ್ದರೆ, ಭವನ ಇದ್ದಿದ್ದರೆ ಎಂದು ಅವ್ವ ಬೀಗರ ಮುಂದೆಯೇ ಅತ್ತಳು. ಆಗ ದೊಡ್ಡವ್ವ ಒಂದು ಹೊಸ ಕಂಬಳಿ ತಂದು, ಏನೂ ಹೇಳದೆ ಅವ್ವನ ಕೈಗಿಟ್ಟು ಹೋದಳು. ಮದುಮಕ್ಕಳ ಕೆಳಗೆ ಕಂಬಳಿ ಬೇಕೇ ಬೇಕಲ್ಲ. ಅವ್ವ ಕಣ್ಣು ಒರೆಸಿಕೊಂಡು ಹಾಸಿದಳು. ಅದರ ಮೇಲೆ ಕೂತಾಗ ಇದೇ ವಾಸನೆ...

ಆಮೇಲೆ ಕಾಲುವೆಗೆ ನೀರು ಬಂತು. ಒಳ್ಳೆಯದೇ ಆಯಿತು, ಬಯಲಾಗಿದ್ದ ಕಡೆಯೆಲ್ಲ ಕಬ್ಬು ಎದ್ದು ನಿಂತಿತು. ಕುರಿಗೆ ಮಾತ್ರ ಕಾಲಿಡಲು ಜಾಗ ಉಳಿಯಲಿಲ್ಲ. ದೊಡ್ಡವ್ವನ ಮನೆಯ ಹಿಂಡು ಕರಗಿತು. ಗಂಡ ತೀರಿಕೊಂಡ, ಅವನು ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಮಗ್ಗದ ಕುಣಿಗೆ ಮಣ್ಣು ತುಂಬಿದರು. ಆಕೆ ತಾಳಿಕೋಟೆಯಲ್ಲಿದ್ದ ಮಗಳ ಮನೆಗೆ ಹೋದಳು. ಹೋಗುವ ದಿನ ನಮ್ಮ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳಂತೆ. ಅವ್ವ ಒಳಗೇ ಇದ್ದಳು, ಹೊರಗೆ ಬರಲಿಲ್ಲ. ಮುಂದಿನ ವರ್ಷ ಜ್ವರ ಬಂದು ದೊಡ್ಡವ್ವ ಸತ್ತ ಸುದ್ದಿ ಬಂತು. ಆಗ ಯಾರೂ ಹೇಳದೆ ಅವ್ವ ತಾನೇ ಮೊದಲ ಬಸ್ಸಿಗೆ ಓಡಿದಳು. ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು.

ಸಿಂದಗಿಯಲ್ಲಿ ಕಂಬಳಿಯ ಮುದುಕ ಇಳಿದುಹೋದ. ನಾನು ಬಾಗೇವಾಡಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ನನ್ನಷ್ಟಕ್ಕೆ ನಾನೇ ಲೆಕ್ಕ ಹಾಕಿದೆ. ಅವ್ವನಿಗೆ ಕೊನೆಗೂ ಭವನ ಬರುತ್ತದೆ, ಈಗ ಅಡ್ಡ ಬರುವವರು ಯಾರೂ ಇಲ್ಲ. ಸಂಘದಲ್ಲಿ ಈಗ ಅವ್ವನೇ ಹಿರಿಯಳು, ಅವಳದೇ ಮಾತು ನಡೆಯುತ್ತದೆ. ಖುಷಿಪಡಬೇಕಿತ್ತು. ಆದರೆ ಇಳಿದು ನಡೆದೇ ಹೋಗಿಬಿಡಲೇ ಅನ್ನಿಸುವಷ್ಟು ಚಡಪಡಿಕೆ.

ಮನೆಗೆ ಹೋದರೆ ಅವ್ವ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ನನ್ನ ತಮ್ಮ ಸಿಟ್ಟಿನಿಂದ, "ಅಕ್ಕಾ, ಈಕಿಗೆ ನೀನರ ಹೇಳು. ಮುಂಜಾನೆ ಪಂಚಾಯ್ತಿಯವರು ಬಂದು ಕೇಳಿದ್ರ ಬ್ಯಾಡ ಅಂದು ಕಳಿಸ್ಯಾಳ" ಎಂದ.

ನನಗೆ ನಂಬಿಕೆಯೇ ಬರಲಿಲ್ಲ. "ಯಾಕವ್ವಾ? ಭವನ ಬೇಕಂತ ನೀನ ಅತ್ತಾಕಿ. ಈಗ ಅಲ್ಲಿ ಹಾಸು ಹಾಕವರು ಯಾರದಾರ?"

"ಯಾರೂ ಇಲ್ಲ" ಎಂದಳು ಅವ್ವ.

"ಮತ್ತ?"

ಶೇಂಗಾ ಸುಲಿಯುವ ಕೈ ನಿಂತಿತು. "ಆ ಜಾಗದ ಕಲ್ಲು ಆರಿಸಿದಾಕಿ ಆಕಿ. ಆಕಿನ್ನ ಕೇಳದ ನಾ ಹೆಂಗ ಹೂಂ ಅನ್ಲಿ?"

ನನ್ನ ಬಳಿ ಉತ್ತರವಿತ್ತು. ಕಕ್ಕಸು, ಮಾಡು, ಊರಿನ ಹೆಣ್ಣುಮಕ್ಕಳು, ಎಲ್ಲ ಸರಿಯಾದ ಉತ್ತರಗಳೇ, ಊರೂರು ತಿರುಗಿ ನಾನೇ ಹೇಳುವಂಥವು. ಆದರೆ ಅವ್ವನ ಪಕ್ಕ ಕೂತು ನಾನೂ ಶೇಂಗಾ ಸುಲಿಯತೊಡಗಿದೆ. ತಮ್ಮ ಕೈ ಒದರಿ ಹೊರಗೆ ಹೋದ. ಅವನದೂ ತಪ್ಪಲ್ಲ, ಅವನಿಗೂ ಬೆಳೆದ ಮಗಳಿದ್ದಾಳೆ. ನಾನು ಏನು ಮಾಡಬೇಕೆಂದು ನನಗೆ ಈಗಲೂ ತಿಳಿದಿಲ್ಲ.

ಸಂಜೆ ಮಳೆ ಬಿಟ್ಟಾಗ ಅವ್ವ, ಬಾ ನೋಡಿ ಬರೋಣ ಎಂದಳು. ಬಯಲಿನ ಅಂಚಿಗೆ ಜಾಲಿ ಎದ್ದಿತ್ತು, ನಡುವೆ ಯಾರೋ ಸಗಣಿ ಒಣಹಾಕಿದ್ದರು. ಬೇವಿನ ಗಿಡ ದಪ್ಪವಾಗಿತ್ತು. ಗೂಟಗಳಲ್ಲಿ ಒಂದೂ ಉಳಿದಿರಲಿಲ್ಲ. ಆಚೆ ಕಡೆ ಅಂಗಡಿಗೆ ಹೋಗಬೇಕಿತ್ತು, ನಾನು ನೇರವಾಗಿ ಅಡ್ಡ ಹಾಯಲು ಕಾಲಿಟ್ಟೆ. ಅವ್ವ ಹಿಂದಿನಿಂದ ಸೆರಗು ಹಿಡಿದು ಎಳೆದಳು.

"ಸುತ್ತಿ ಬಾ" ಎಂದಳು.

ಬೇವಿನ ಗಿಡದ ತನಕ ಇಬ್ಬರೂ ಸುತ್ತಿ ಹೋದೆವು. ಅಲ್ಲಿ ಚೀರಿ ಬೈಯಲು ದೊಡ್ಡವ್ವ ಇರಲಿಲ್ಲ.